ಹಡಗಿನಲ್ಲಿ ಬಂದ ಗೋಧಿ, ಹೊಲದಲ್ಲಿ ಬೆಳೆದ ಜೋಳ

(ನಮ್ಮ ವಾಚನಾಲಯದ ರವಿವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ ‘ಪರದೇಶದ ನೆರವು ಮತ್ತು ಬೆಳೆಯುತ್ತಿರುವ ದೇಶಗಳ ಅರ್ಥವ್ಯವಸ್ಥೆ’ ಎಂಬುದು. ಹೆಸರು ಕೇಳಿಯೇ ಹಿಂದಿನ ಬೆಂಚಿನವರು ಎದ್ದು ಹೋಗದೆ ಕುಳಿತಿದ್ದಾರೆ, ಅದಕ್ಕಾಗಿ ಮೊದಲು ಅವರಿಗೆ ನಮಸ್ಕಾರ. ಇದು ದಿಲ್ಲಿಯ ಮಂತ್ರಿಗಳಿಗೂ ವಿಶ್ವವಿದ್ಯಾಲಯದ ಪಂಡಿತರಿಗೂ ಸೇರಿದ ಮಾತು, ಬೆಳಗಾದರೆ ಲೋಕಲ್ ಗಾಡಿಗೆ ಓಡುವ ನಮಗೇಕೆ ಎಂದು ಅನಿಸುವುದು ಸಹಜ. ಆದರೆ ಈ ಊರಿನಲ್ಲಿ ಅರವತ್ತು ವರ್ಷ ಕಳೆದ ಹಿರಿಯರು ಯಾರಾದರೂ ನಿಮ್ಮ ಚಾಳಿನಲ್ಲಿ ಇದ್ದರೆ ಅವರನ್ನು ‘ಮಿಲೋ’ ಎಂದರೇನು ಎಂದು ಕೇಳಿ ನೋಡಿ. ಅವರ ಮುಖವೇ ಉತ್ತರ ಹೇಳುತ್ತದೆ. ಮಿಲೋ ಎಂದರೆ ಅಮೇರಿಕದ ಕೆಂಪು ಜೋಳ. ಅಲ್ಲಿ ಅದು ಹೆಚ್ಚಾಗಿ ದನಗಳ ಆಹಾರ. ಬರಗಾಲದ ವರ್ಷಗಳಲ್ಲಿ ಅದು ನಮ್ಮ ರೇಶನ್ ಅಂಗಡಿಗೆ ಬಂತು. ಬಿಜಾಪುರ, ಗುಲಬರ್ಗಾ, ಸೊಲ್ಲಾಪುರಗಳಿಂದ ಬಂದು ಬಿಳಿಜೋಳದ ರೊಟ್ಟಿ ತಟ್ಟಿ ಬೆಳೆದ ನಮ್ಮ ತಾಯಂದಿರು ಅದನ್ನೂ ತಟ್ಟಿದರು, ಬೈದುಕೊಳ್ಳುತ್ತಲೇ ಮಕ್ಕಳಿಗೆ ಉಣ್ಣಿಸಿದರು. ಪರದೇಶದ ನೆರವು ಎಂಬುದು ಹೀಗೆ ನಮ್ಮ ಹಂಚಿನ ಮೇಲೆಯೇ ಬೆಂದು ಹೋಗಿದೆ.

ನಮ್ಮ ವಾಚನಾಲಯದ ಮೇಜಿನ ಸುತ್ತ ಈ ವಿಷಯ ಬಂದಾಗಲೆಲ್ಲ ಒಂದೇ ಪ್ರಶ್ನೆ, ಒಂದೇ ಉತ್ತರ. ಶ್ರೀಮಂತ ದೇಶಗಳು ಇಷ್ಟು ಕೋಟಿ ಕೊಟ್ಟರೂ ಬಡ ದೇಶಗಳು ಬಡವಾಗಿಯೇ ಉಳಿದಿವೆಯಲ್ಲ, ಹಣವೆಲ್ಲ ಎಲ್ಲಿಗೆ ಹೋಯಿತು? ನಡುವಿನವರು ನುಂಗಿದರು! ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಒಂದು ಪೈಸೆಯನ್ನೂ ಯಾರೂ ನುಂಗಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ಹೊರಗಿನಿಂದ ದೊಡ್ಡ ಪ್ರಮಾಣದಲ್ಲಿ ಧಾನ್ಯವೋ ಹಣವೋ ಒಂದು ದೇಶದೊಳಕ್ಕೆ ಹರಿದುಬಂದರೆ ಅದು ಪೇಟೆಯ ಧಾರಣೆಯನ್ನು ಅಲುಗಾಡಿಸುತ್ತದೆ, ರೈತನ ಲೆಕ್ಕವನ್ನು ಬದಲಿಸುತ್ತದೆ, ಸರಕಾರದ ಅಭ್ಯಾಸವನ್ನು ತಿದ್ದುತ್ತದೆ ಅಥವಾ ಕೆಡಿಸುತ್ತದೆ. ನಾನು ಇಂದು ಹೇಳಲಿರುವುದು ಈ ಉಳಿದ ಅರ್ಧದ ಮಾತು. ಅದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಇಲ್ಲಿಂದ ಸ್ವಲ್ಪ ದೂರದ ಗೋದಿಯಲ್ಲೇ, ಅಂದರೆ ಬಂದರದ ಪ್ರಿನ್ಸೆಸ್, ವಿಕ್ಟೋರಿಯಾ, ಅಲೆಕ್ಸಾಂಡ್ರಾ ಡಾಕುಗಳಲ್ಲೇ, ಅದು ಇಳಿಯಿತು.

1954ರ ಜುಲೈಯಲ್ಲಿ ಅಮೇರಿಕದ ಅಧ್ಯಕ್ಷ ಐಸೆನ್‌ಹೋವರ್ ಒಂದು ಕಾಯಿದೆಗೆ ಸಹಿ ಹಾಕಿದರು. ಅದರ ಸಂಖ್ಯೆಯಿಂದ ಅದಕ್ಕೆ ‘ಪಿ. ಎಲ್. 480’ ಎಂದು ಹೆಸರಾಯಿತು. ಆ ದೇಶದ ಸರಕಾರ ತನ್ನ ರೈತರಿಗೆ ಒಳ್ಳೆಯ ಬೆಲೆಯ ಭರವಸೆ ಕೊಟ್ಟು ಗೋಧಿಯನ್ನು ಕೊಳ್ಳುತ್ತಿತ್ತು. ಕೊಂಡ ಗೋಧಿ ಉಗ್ರಾಣಗಳಲ್ಲಿ ತುಂಬಿ ತುಳುಕುತ್ತಿತ್ತು. ಅದನ್ನು ಅಲ್ಲಿಯ ಪೇಟೆಗೆ ಬಿಟ್ಟರೆ ಬೆಲೆ ಬಿದ್ದು ಅವರ ರೈತ ಕೆಡುತ್ತಾನೆ, ಇಟ್ಟುಕೊಂಡರೆ ಉಗ್ರಾಣದ ಬಾಡಿಗೆ. ಹಸಿದ ದೇಶಗಳಿಗೆ ಆಯಾ ದೇಶದ ನಾಣ್ಯಕ್ಕೇ ಮಾರಿದರೆ ಪುಣ್ಯವೂ ಬಂತು, ಉಗ್ರಾಣವೂ ಖಾಲಿಯಾಯಿತು. ಇದನ್ನು ನಾನು ಕುಹಕದಿಂದ ಹೇಳುತ್ತಿಲ್ಲ. ಕೊಡುವವನಿಗೂ ಲಾಭವಿರುವ ದಾನ ಹೆಚ್ಚು ದಿನ ನಡೆಯುತ್ತದೆ, ಅದು ಲೋಕದ ರೀತಿ. ಆದರೆ ಒಂದು ಸಂಗತಿ ಗಮನಿಸಿ. ತಮ್ಮ ರೈತನ ಬೆಲೆ ಬೀಳಬಾರದು ಎಂಬ ಎಚ್ಚರಿಕೆಯಿಂದಲೇ ಆ ಗೋಧಿ ಹಡಗು ಹತ್ತಿತು. ಇಳಿದ ಊರಿನ ರೈತನ ಬೆಲೆ ಏನಾದೀತು ಎಂಬುದು ಹಡಗು ಹತ್ತಿಸಿದವರ ಚಿಂತೆಯಾಗಿರಲಿಲ್ಲ. ಅದು ನಮ್ಮ ಚಿಂತೆಯಾಗಬೇಕಿತ್ತು.

ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟಿನಲ್ಲಿ. ಅದಕ್ಕಿಂತ ದೊಡ್ಡದು 1960ರ ಮೇ 4ರಂದು ವಾಷಿಂಗ್ಟನ್ನಿನಲ್ಲಿ ಆಯಿತು. ನಾಲ್ಕು ವರ್ಷಗಳಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. ನಮ್ಮ ಕಡೆಯಿಂದ ಸಹಿ ಹಾಕಿದ ಆಹಾರ ಮಂತ್ರಿ ಬೇರೆ ಯಾರೂ ಅಲ್ಲ, ಮೂರು ಸಲ ಈ ಮುಂಬಯಿಯ ಮೇಯರ್ ಆಗಿದ್ದ ಸ. ಕಾ. ಪಾಟೀಲರು. (1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಅವರನ್ನು ಸೋಲಿಸಿದವರು ನಮ್ಮ ಮಂಗಳೂರಿನಿಂದ ಬಂದು ಇಲ್ಲಿಯ ಕಾರ್ಮಿಕರ ನಾಯಕರಾದ ಜಾರ್ಜ್ ಫೆರ್ನಾಂಡಿಸ್. ಅದು ಬೇರೆಯೇ ಕಥೆ, ಇನ್ನೊಂದು ರವಿವಾರಕ್ಕೆ ಇರಲಿ.) 1956ರಿಂದ 1971ರವರೆಗೆ ಈ ದಾರಿಯಲ್ಲಿ ಬಂದ ಗೋಧಿ ಸುಮಾರು 5 ಕೋಟಿ ಟನ್. 1966ರ ಒಂದೇ ವರ್ಷದಲ್ಲಿ ಎಲ್ಲ ಕಡೆಯಿಂದ ನಾವು ತರಿಸಿಕೊಂಡ ಧಾನ್ಯ ಒಂದು ಕೋಟಿ ಟನ್ನಿಗೂ ಹೆಚ್ಚು.

ಈಗ, ಇದರ ಹಣ ಹೇಗೆ ಸಂದಾಯವಾಯಿತು? ಕಾರಕೂನ ಮಿತ್ರರು ಇಲ್ಲಿ ಸ್ವಲ್ಪ ಕಿವಿಗೊಡಬೇಕು, ಏಕೆಂದರೆ ಇದು ಜಮಾ-ಖರ್ಚಿನ ವಿಷಯ. ನಾವು ಡಾಲರು ಕೊಡಲಿಲ್ಲ, ರೂಪಾಯಿ ಕೊಟ್ಟೆವು. ಆ ರೂಪಾಯಿ ಅಮೇರಿಕ ಸರಕಾರದ ಹೆಸರಿನಲ್ಲಿ ಇಲ್ಲಿಯೇ, ನಮ್ಮ ದೇಶದೊಳಗೇ, ಜಮೆಯಾಗುತ್ತಿತ್ತು. ಅದರಲ್ಲಿ ಒಂದು ಪಾಲು ಅವರ ರಾಯಭಾರಿ ಕಚೇರಿಯ ಖರ್ಚಿಗೆ. ಬಹುಪಾಲು ನಮ್ಮ ಸರಕಾರಕ್ಕೇ ಸಾಲವಾಗಿ, ಅನುದಾನವಾಗಿ ಹಿಂದಿರುಗಿ ಯೋಜನೆಗಳಿಗೆ ಸಲ್ಲುತ್ತಿತ್ತು. ಹೀಗಾಗಿ ಪತ್ರಿಕೆಗಳಲ್ಲಿ ಒಂದೇ ನೆರವು ಎರಡು ಸಲ ಕಾಣಿಸಿಕೊಂಡಿತು: ಗೋಧಿ ಬಂದಾಗ ಒಮ್ಮೆ, ರೂಪಾಯಿ ಮರಳಿ ಬಂದಾಗ ಇನ್ನೊಮ್ಮೆ. ನಿಜವಾಗಿ ಹೊರಗಿನಿಂದ ಬಂದ ವಸ್ತು ಒಂದೇ, ಗೋಧಿ. ಅದನ್ನು ಉಂಡಾಯಿತು. ಆಮೇಲೆ ಆ ರೂಪಾಯಿಯನ್ನು ಯೋಜನೆಯ ಕೆಲಸಕ್ಕೆ ಕೂಲಿಯಾಗಿ ಹಂಚಿದರೆ, ಕೂಲಿ ಪಡೆದವನು ಪೇಟೆಗೆ ಹೋಗಿ ಮತ್ತೆ ಧಾನ್ಯ ಕೇಳುತ್ತಾನೆ. ಎರಡನೆಯ ಸಲ ಹಡಗು ಬಂದಿರುವುದಿಲ್ಲ. ಗೋಧಿ ಮಾರಾಟ ಮತ್ತು ರೂಪಾಯಿಯ ಖರ್ಚು ಜೊತೆಜೊತೆಗೆ ನಡೆದರೆ ತೊಂದರೆಯಿಲ್ಲ. ಬಹಳ ಹಿಂದೆ ಮುಂದೆ ಆದರೆ ಬೆಲೆ ಏರುವುದೇ. ಮದುವೆಯ ಪಾಯಸವನ್ನು ಒಮ್ಮೆ ಬಡಿಸಿ ಮುಗಿಸಿದ ಮೇಲೆ ಖಾಲಿ ಪಾತ್ರೆಯನ್ನು ತೋರಿಸಿ ಇನ್ನೊಂದು ಪಂಕ್ತಿ ಕೂರಿಸಿದ ಹಾಗೆ.

ಖಾತೆಯಲ್ಲಿ ಈ ರೂಪಾಯಿ ಬೆಳೆಯುತ್ತ ಹೋಯಿತು. ಇಷ್ಟೊಂದು ರೂಪಾಯಿ ಪರದೇಶದ ಕೈಯಲ್ಲಿದ್ದರೆ ಗತಿಯೇನು ಎಂಬ ಅಂಜಿಕೆಯೂ ಬೆಳೆಯಿತು. ಕೊನೆಗೆ 1974ರ ಫೆಬ್ರವರಿಯಲ್ಲಿ ರಾಯಭಾರಿ ಮೊಯ್ನಿಹಾನ್ ಅವರು ನಮ್ಮ ಸರಕಾರಕ್ಕೆ ಒಂದು ಚೆಕ್ ಕೊಟ್ಟು ಲೆಕ್ಕ ಚುಕ್ತಾ ಮಾಡಿದರು. ಮೊತ್ತ 1,664 ಕೋಟಿ ರೂಪಾಯಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರು ಅಂಥ ಚೆಕ್ಕನ್ನು ಕಂಡಿರಲಾರರು.

ಇನ್ನು ಬೆಲೆಯ ಮಾತು. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಬಿಜಾಪುರದ ಕಡೆಯ ಹಳ್ಳಿ. ಅಣ್ಣ ಊರಲ್ಲಿ ಎಂಟೆಕರೆ ಎರಿಹೊಲ ನೋಡಿಕೊಂಡಿದ್ದಾನೆ. ತಮ್ಮ ಪರೇಲಿನ ಗಿರಣಿಯಲ್ಲಿದ್ದಾನೆ. ರೇಶನ್ ಅಂಗಡಿಯಲ್ಲಿ ಗೋಧಿ ಅಗ್ಗ. ತಮ್ಮನ ಮನೆಯಲ್ಲಿ ವಾರಕ್ಕೆ ಎರಡು ದಿನ ಚಪಾತಿ, ಆಮೇಲೆ ನಾಲ್ಕು ದಿನ. ಮಕ್ಕಳಿಗೆ ಅದೇ ರೂಢಿ. ಹೀಗೆ ಲಕ್ಷಾಂತರ ಮನೆಗಳಲ್ಲಿ ಆದಾಗ ಪಟ್ಟಣದಲ್ಲಿ ಜೋಳ ಕೇಳುವವರು ಕಡಿಮೆಯಾಗುತ್ತಾರೆ. ಅಣ್ಣ ಸುಗ್ಗಿ ಮುಗಿಸಿ ಚೀಲ ಹೇರಿಕೊಂಡು ಪೇಟೆಗೆ ಬಂದರೆ ಅಡತಿಯವನು ಮೂಗು ಮುರಿಯುತ್ತಾನೆ. ಅಣ್ಣನಿಗೆ ನಾಲ್ಕು ಕಾಸು ಉಳಿಯಲಿಲ್ಲ. ಬಾವಿ ತೋಡಿಸುವ ವಿಚಾರ ಮುಂದಕ್ಕೆ ಹೋಯಿತು, ಗೊಬ್ಬರ ಕಡಿಮೆಯಾಯಿತು. ಇಲ್ಲಿ ತಮ್ಮನು ಅಗ್ಗದ ಗೋಧಿಯಿಂದ ತಿಂಗಳಿಗೆ ನಾಲ್ಕು ರೂಪಾಯಿ ಉಳಿಸಿದ. ಆ ನಾಲ್ಕನ್ನೂ ಅದಕ್ಕೆ ಇನ್ನೂ ನಾಲ್ಕು ಸೇರಿಸಿಯೂ ಅಣ್ಣನಿಗೆ ಮನಿಯಾರ್ಡರು ಮಾಡಿದ! ಮುಂದಿನ ವರ್ಷ ಅಣ್ಣನ ಮಗನೂ ಗಾಡಿ ಹತ್ತಿ ಇಲ್ಲಿಗೆ ಬಂದ, ಅದೇ ಖೋಲಿಯಲ್ಲಿ ಒಂದು ಚಾಪೆ ಹೆಚ್ಚಾಯಿತು. ಪಟ್ಟಣದ ಹೊಟ್ಟೆ ತುಂಬಿಸಿದ ಗೋಧಿಯ ಬೆಲೆಯಲ್ಲಿ ಒಂದು ಪಾಲನ್ನು ಹಳ್ಳಿಯ ಮನೆ ತೆತ್ತಿತು. ಎರಡೂ ನಮ್ಮದೇ ಮನೆ.

ಈ ಅಪಾಯವನ್ನು ಅಂದೇ ಕಂಡು ಹೇಳಿದವರು ಇದ್ದರು. ಅಮೇರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಜ್ 1960ರಲ್ಲಿಯೇ ತನ್ನ ದೇಶದ ಮಿಗತೆ ಧಾನ್ಯ ಬಡ ದೇಶಗಳ ರೈತನ ಬೆಲೆ ತಗ್ಗಿಸೀತು ಎಂದು ಬರೆದರು. ಮುಂದೆ 1979ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ನಮ್ಮವರೇ ಆದ ಇನ್ನೊಬ್ಬರನ್ನು ನಾವು ಮರೆತಿದ್ದೇವೆ. ಬಿ. ಆರ್. ಶೆಣೈ, ಅಂದರೆ ಬೆಳ್ಳಿಕೋತ್ ರಘುನಾಥ ಶೆಣೈ. ಬೆಳ್ಳಿಕೋತ್ ಎಂಬುದು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕಾಸರಗೋಡಿನಲ್ಲಿರುವ ಹಳ್ಳಿ. ಅಲ್ಲಿ 1905ರಲ್ಲಿ ಹುಟ್ಟಿ, ಕಾಶಿಯಲ್ಲಿಯೂ ಲಂಡನ್ನಿನಲ್ಲಿಯೂ ಓದಿ, ಈ ಊರಿನ ರಿಸರ್ವ್ ಬ್ಯಾಂಕಿನಲ್ಲಿ ದುಡಿದು, ಅಹಮದಾಬಾದಿನಲ್ಲಿ ಪ್ರಾಧ್ಯಾಪಕರಾದವರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಕೂಡಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಎಲ್ಲರೂ ಹೌದೆಂದಾಗ ಇವರೊಬ್ಬರು ಭಿನ್ನಮತದ ಟಿಪ್ಪಣಿ ಬರೆದರು. ಪಿ. ಎಲ್. 480ರ ಬಗೆಗೆ ಒಂದು ಪುಸ್ತಕವನ್ನೇ 1974ರಲ್ಲಿ ಪ್ರಕಟಿಸಿದರು. ಹೊರಗಿನ ನೆರವು ಸರಕಾರದ ತಪ್ಪು ನೀತಿಗೆ ಊರುಗೋಲಾಗುತ್ತದೆ, ಕೋಲು ಸಿಕ್ಕುವವರೆಗೆ ಕಾಲು ಬಲಪಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ ಎಂಬುದು ಅವರ ವಾದದ ತಿರುಳು. ಮಾರುಕಟ್ಟೆಯ ಮೇಲೆ ಅವರಿಗಿದ್ದ ಅಷ್ಟೊಂದು ಭರವಸೆ ನನಗಿಲ್ಲ. ಆದರೂ ಎಲ್ಲರೂ ಒಂದು ಕಡೆ ನಡೆಯುವಾಗ ಒಬ್ಬ ಮನುಷ್ಯ ನಿಂತು ಕಾರಣ ಕೇಳುವುದು ದೊಡ್ಡದು.

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮುಂದೆ ಲೆಕ್ಕ ಹಾಕಿ ನೋಡಿದ ಪಂಡಿತರು ಶುಲ್ಟ್ಜ್ ಹೆದರಿದಷ್ಟು ಬೆಲೆ ಕುಸಿಯಲಿಲ್ಲ ಎಂದಿದ್ದಾರೆ. ಕಾರಣ ನಮ್ಮ ರೇಶನ್ ಅಂಗಡಿ. ಪೇಟೆಯಲ್ಲಿ ಕೊಳ್ಳುವ ಶಕ್ತಿಯೇ ಇಲ್ಲದವನಿಗೆ ಈ ಧಾನ್ಯ ಸಿಕ್ಕಿದರೆ ಅದರಿಂದ ರೈತನ ಗಿರಾಕಿ ಕಡಿಮೆಯಾಗುವುದಿಲ್ಲ, ಹಸಿದ ಹೊಟ್ಟೆ ತುಂಬುತ್ತದೆ ಅಷ್ಟೆ. ಇದು ಸರಿಯಾದ ಮಾತು. ಬಂದ ಧಾನ್ಯ ಯಾವ ಬಾಗಿಲಿನಿಂದ, ಯಾರ ಚೀಲಕ್ಕೆ ಹೋಯಿತು ಎಂಬುದರ ಮೇಲೆ ಪರಿಣಾಮ ನಿಂತಿದೆ. ಇನ್ನೂ ಒಂದು ಮಾತು. 1964-65ರಲ್ಲಿ ದೇಶದ ಧಾನ್ಯದ ಬೆಳೆ ಸುಮಾರು 8 ಕೋಟಿ 90 ಲಕ್ಷ ಟನ್. ಮಳೆ ಕೈಕೊಟ್ಟು 1965-66ರಲ್ಲಿ ಅದು 7 ಕೋಟಿ 20 ಲಕ್ಷಕ್ಕೆ ಇಳಿಯಿತು. ಮುಂದಿನ ವರ್ಷವೂ ಚೇತರಿಸಲಿಲ್ಲ, ಬಿಹಾರದಲ್ಲಿ ಭೀಕರ ಬರ. ಅಂದು ಹಡಗು ಬಾರದೆ ಇದ್ದರೆ 1943ರ ಬಂಗಾಲದ ಕ್ಷಾಮ ಮರುಕಳಿಸುತ್ತಿತ್ತು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ. ಮಿಲೋ ತಿಂದು ಬದುಕಿದ ಮಗು ಬದುಕಿತು. ಅದನ್ನು ಹಗುರವಾಗಿ ಕಾಣುವ ಹಕ್ಕು ಹೊಟ್ಟೆ ತುಂಬಿದ ನಮಗಿಲ್ಲ.

ಆದರೆ ಅದೇ ವರ್ಷಗಳಲ್ಲಿ ನೆರವಿನ ಇನ್ನೊಂದು ಮುಖವೂ ಕಂಡಿತು. ಅಧ್ಯಕ್ಷ ಜಾನ್ಸನ್ ಅವರು 1965ರಿಂದ ಹಗ್ಗವನ್ನು ಗಿಡ್ಡ ಮಾಡಿದರು. ವರ್ಷಗಟ್ಟಲೆಯ ಒಪ್ಪಂದ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ, ನಮ್ಮ ನಡತೆ ನೋಡಿಕೊಂಡು ಗೋಧಿ ಬಿಡತೊಡಗಿದರು. ಕೃಷಿಗೆ ಗಮನ ಕೊಡಿ ಎಂಬುದು ಒಂದು ಷರತ್ತು. ಅದು ಹಿತವಾದ ಮಾತೇ. ವಿಯೆಟ್ನಾಂ ಯುದ್ಧದ ಬಗ್ಗೆ ನಮ್ಮವರು ಆಡಿದ ಮಾತು ಅವರಿಗೆ ಹಿಡಿಸಲಿಲ್ಲ ಎಂಬುದು ಇನ್ನೊಂದು. ಅದಕ್ಕೂ ಬಿಹಾರದ ಹಸಿವಿಗೂ ಏನು ಸಂಬಂಧ? ಇಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟ ಬಿಡಿರಿ ಎಂದು ದೇಶವನ್ನು ಬೇಡಿಕೊಂಡರು. ಹೋಟೆಲು ನಡೆಸುವ ನಮ್ಮ ಉಡುಪಿಯ ಬಂಧುಗಳ ಮನೆಗಳಲ್ಲಿ ಆ ಸೋಮವಾರಗಳ ನೆನಪು ಇನ್ನೂ ಉಳಿದಿರಬಹುದು.

ಅದರ ಬೆನ್ನಿಗೇ 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯ. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ದಿನದಲ್ಲಿ 7 ರೂಪಾಯಿ 50 ಪೈಸೆ ಆಯಿತು. ಸಾಲಗಾರನಿಗೆ ಇದರ ಅರ್ಥವೇನು ನೋಡಿ. ಸಾವಿರ ಡಾಲರು ಸಾಲವಿದ್ದರೆ ಹಿಂದಿನ ದಿನ 4,760 ರೂಪಾಯಿ, ಮರುದಿನ 7,500. ಒಂದು ಡಾಲರನ್ನೂ ಹೊಸದಾಗಿ ತರದೆ ಸಾಲ ಬೆಳೆಯಿತು. ಅಪಮೌಲ್ಯ ಮಾಡಿದರೆ ನೆರವು ಹೆಚ್ಚಾಗುತ್ತದೆ ಎಂದು ಕೊಡುವವರು ಆಸೆ ತೋರಿಸಿದ್ದರು. ಮುಂದಿನ ವರ್ಷಗಳಲ್ಲಿ ಆಸೆ ತೋರಿಸಿದಷ್ಟು ಬರಲಿಲ್ಲ.

ಈ ಅಪಮಾನ ಒಂದು ಕೆಲಸ ಮಾಡಿತು. ಆಹಾರ ಮಂತ್ರಿಯಾಗಿದ್ದ ಸಿ. ಸುಬ್ರಹ್ಮಣ್ಯಂ ಅವರು ರೈತನಿಗೆ ಬೆಲೆ ಕೊಡದೆ ಧಾನ್ಯ ಬೆಳೆಯುವುದಿಲ್ಲ ಎಂಬ ಸರಳ ಸತ್ಯವನ್ನು ಹಿಡಿದು ಹೊರಟರು. 1965ರ ಜನವರಿಯಲ್ಲಿ ಆಹಾರ ನಿಗಮ ಹುಟ್ಟಿತು. ಅದೇ ತಿಂಗಳು ಕೃಷಿ ಬೆಲೆ ಆಯೋಗವೂ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ನಮ್ಮ ಮುಂಬಯಿ ವಿಶ್ವವಿದ್ಯಾಲಯದ ಪ್ರೊ. ದಾಂತ್‌ವಾಲಾ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬೀಜದ ಗೋಧಿ ತರಿಸಿದರು. ಇದೂ ಹಡಗಿನಲ್ಲೇ ಬಂದ ಗೋಧಿ, ಆದರೆ ಇದನ್ನು ಬೀಸಲಿಲ್ಲ, ಬಿತ್ತಿದರು. 1964-65ರಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ ಇದ್ದ ನಮ್ಮ ಗೋಧಿಯ ಬೆಳೆ 1970-71ಕ್ಕೆ ಸುಮಾರು 2 ಕೋಟಿ 40 ಲಕ್ಷ ಟನ್. 1971ರ ಕೊನೆಗೆ ಆ ಕಾಯಿದೆಯ ಗೋಧಿಗೆ ನಾವು ಸಾಕು ಎಂದೆವು. ಹದಿನೈದು ವರ್ಷ ಬಂದ ನೆರವಿನಲ್ಲಿ ಆಗದ ಕೆಲಸ ಅದು ನಿಂತೀತು ಎಂಬ ಹೆದರಿಕೆಯಲ್ಲಿ ಆರು ವರ್ಷಗಳಲ್ಲಿ ಆಯಿತು. ಒಂದು ಕೊರಗು ಮಾತ್ರ ಉಳಿಯಿತು: ಬೆಲೆಯ ಭರವಸೆಯೂ ಖರೀದಿಯ ವ್ಯವಸ್ಥೆಯೂ ಹೆಚ್ಚಾಗಿ ಗೋಧಿ ಮತ್ತು ಅಕ್ಕಿಗೆ ಸಂದವು. ನಮ್ಮ ಮಳೆಯಾಶ್ರಿತ ಜೋಳ, ರಾಗಿ, ಸಜ್ಜೆಗಳು ಪಂಕ್ತಿಯ ಕೊನೆಯಲ್ಲೇ ಕುಳಿತವು. ಪಟ್ಟಣದ ನಾಲಗೆಯಂತೂ ಗೋಧಿಗೆ ಪೂರ್ತಿ ಒಗ್ಗಿಹೋಗಿತ್ತು.

ನಡುವೆ ಎರಡು ಸಣ್ಣ ಮಾತು, ವಿನೋದಕ್ಕೆ. ನಮ್ಮ ಹೊಲಗಳ ಬದುವಿನಲ್ಲಿ, ಇಲ್ಲಿಯ ರೈಲುದಾರಿಯ ಪಕ್ಕದಲ್ಲಿ ಬೆಳೆಯುವ ಬಿಳಿ ಹೂವಿನ ಕಾಂಗ್ರೆಸ್ ಗಿಡ ಅಮೇರಿಕದ ಗೋಧಿಯ ಜೊತೆ ಬಂತು ಎನ್ನುತ್ತಾರೆ. ಪುಣೆಯಲ್ಲಿ ಅದನ್ನು ಮೊದಲು ಗುರುತಿಸಿದ್ದು 1955ರ ಸುಮಾರಿಗೆ, ಪಿ. ಎಲ್. 480 ಒಪ್ಪಂದ ಆದದ್ದು 1956ರಲ್ಲಿ. ಅದಕ್ಕೆ ಮೊದಲೇ 1951ರಲ್ಲಿ ಅಮೇರಿಕದಿಂದ ಗೋಧಿ ಸಾಲ ತಂದಿದ್ದೆವು ನಿಜ. ಆದರೂ ಕಂಡ ಕಳೆಯನ್ನೆಲ್ಲ ಈ ಕಾಯಿದೆಯ ತಲೆಗೆ ಕಟ್ಟುವ ಮೊದಲು ತಾರೀಖು ನೋಡುವುದು ಒಳ್ಳೆಯದು. ಎರಡನೆಯದು ವಾಚನಾಲಯಕ್ಕೆ ಒಪ್ಪುವ ಸಂಗತಿ. ಇಲ್ಲಿ ಜಮೆಯಾಗಿದ್ದ ಆ ರೂಪಾಯಿಯಲ್ಲಿ ಒಂದಿಷ್ಟನ್ನು 1962ರಿಂದ ಅಮೇರಿಕದ ಸಂಸತ್ತಿನ ಗ್ರಂಥಾಲಯದವರು ಭಾರತದ ಪುಸ್ತಕ ಕೊಳ್ಳಲು ಬಳಸಿದರು. ಎಲ್ಲ ಭಾಷೆಗಳ ಪುಸ್ತಕಗಳ ಜೊತೆ ಕನ್ನಡದವೂ ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಹೋದವು. ನಾವು ರೇಶನ್ ಅಂಗಡಿಯಲ್ಲಿ ಎಣಿಸಿಕೊಟ್ಟ ನಾಲ್ಕಾಣೆ ಎಂಟಾಣೆಗಳಲ್ಲಿ ಯಾವುದೋ ಒಂದು ಕನ್ನಡ ಕಾದಂಬರಿಯಾಗಿ ಚಿಕಾಗೋದ ಕಪಾಟಿನಲ್ಲಿ ಕುಳಿತಿದೆ!

ಧಾನ್ಯದ ಮಾತಾಯಿತು. ನೆರವು ಹಣದ ರೂಪದಲ್ಲಿ ಬಂದರೆ? ಅದನ್ನು ತಿಳಿಯಲು ನಮ್ಮ ಊರುಗಳನ್ನೇ ನೋಡಬಹುದು. ಉಡುಪಿ, ಕುಂದಾಪುರ, ಕಾಪು ಕಡೆಯ ಹಳ್ಳಿಗಳಿಗೆ ಮುಂಬಯಿಯಿಂದ, ಆಮೇಲೆ ಕೊಲ್ಲಿ ದೇಶಗಳಿಂದ ಹಣ ಹೋಯಿತು. ಹೊಸ ಮನೆಗಳೆದ್ದವು, ಮಕ್ಕಳು ಓದಿದರು, ದೈವಸ್ಥಾನ ದೇವಸ್ಥಾನಗಳು ಜೀರ್ಣೋದ್ಧಾರವಾದವು. ಜೊತೆಗೆ ಇನ್ನೇನಾಯಿತು? ಜಾಗದ ಬೆಲೆ ಏರಿತು. ಮೇಸ್ತ್ರಿಯ ಕೂಲಿ, ಆಳಿನ ಕೂಲಿ ಏರಿತು. ಆ ಕೂಲಿ ಕೊಟ್ಟು ಭತ್ತ ಬೆಳೆದರೆ ಪೂರೈಸುವುದಿಲ್ಲ, ಅಂಗಡಿಯಲ್ಲಿ ಹೊರಗಿನ ಅಕ್ಕಿ ಅಗ್ಗ. ಗದ್ದೆ ಹಡಿಲು ಬಿತ್ತು. ಯಾರೂ ಮೋಸ ಮಾಡಲಿಲ್ಲ, ಎಲ್ಲರೂ ಪ್ರೀತಿಯಿಂದಲೇ ಹಣ ಕಳಿಸಿದರು. ಆದರೆ ಹೊರಗಿನಿಂದ ತರಬಹುದಾದ ವಸ್ತುವನ್ನು ಊರಲ್ಲೇ ಬೆಳೆಯುವುದು, ಮಾಡುವುದು ದುಬಾರಿಯಾಯಿತು.

ದೇಶದ ಮಟ್ಟದಲ್ಲಿ ಇದಕ್ಕೆ ‘ಡಚ್ ರೋಗ’ ಎಂದು ಹೆಸರಿದೆ. ಹಾಲೆಂಡಿನಲ್ಲಿ 1959ರಲ್ಲಿ ದೊಡ್ಡ ಅನಿಲದ ಗಣಿ ಸಿಕ್ಕಿ, ಹೊರಗಿನ ಹಣ ಹರಿದುಬಂದು, ಅವರ ನಾಣ್ಯ ತುಟ್ಟಿಯಾಗಿ, ಅವರ ಕಾರಖಾನೆಯ ಸಾಮಾನು ಹೊರದೇಶದಲ್ಲಿ ಮಾರಾಟವಾಗದೆ ಸೊರಗಿದ್ದನ್ನು ನೋಡಿ 1977ರಲ್ಲಿ ಒಂದು ಇಂಗ್ಲಿಷ್ ವಾರಪತ್ರಿಕೆ ಇಟ್ಟ ಹೆಸರು ಅದು. ಅನಿಲ ಬಂದರೂ ಅಷ್ಟೆ, ನೆರವು ಬಂದರೂ ಅಷ್ಟೆ. ಹೊರಗಿನ ನಾಣ್ಯ ಸುಲಭವಾಗಿ ಸಿಕ್ಕಿದರೆ ಅದಕ್ಕೆ ಬೆಲೆಯಿಲ್ಲ. ಆಮದು ಅಗ್ಗ, ರಫ್ತು ಮಾಡುವವನಿಗೆ ಕಡಿಮೆ ರೂಪಾಯಿ. ನಮ್ಮಲ್ಲಿ ಆಗ ರೂಪಾಯಿಯ ದರವನ್ನು ಸರಕಾರವೇ ಕಟ್ಟಿ ಹಾಕಿತ್ತು. ನೆರವಿನ ಆಸರೆಯಿಂದ ಆ ದರವನ್ನು 1966ರವರೆಗೆ ಎತ್ತಿ ಹಿಡಿಯಲು ಸಾಧ್ಯವಾಯಿತು. ಜಗತ್ತಿನ ರಫ್ತಿನಲ್ಲಿ 1950ರ ಸುಮಾರಿಗೆ ಶೇಕಡಾ 2ರ ಹತ್ತಿರವಿದ್ದ ನಮ್ಮ ಪಾಲು 1970ರ ಹೊತ್ತಿಗೆ ಶೇಕಡಾ 1ಕ್ಕಿಂತ ಕೆಳಗೆ ಹೋಗಿತ್ತು. ಇದಕ್ಕೆ ಕಾರಣ ನೆರವೊಂದೇ ಅಲ್ಲ, ಲೈಸನ್ಸು ಪರ್ಮಿಟ್ಟುಗಳೂ ಇದ್ದವು. ಆದರೆ ಬಟ್ಟೆ ನೇಯ್ದು ಹೊರಗೆ ಕಳಿಸುತ್ತಿದ್ದ ಈ ಊರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಹಾಗಾದರೆ ಬಂದ ನೆರವನ್ನು ಹಾಳಾಗದಂತೆ ಬಳಸುವ ದಾರಿಯೇ ಇಲ್ಲವೆ? ಇದೆ. ಅದನ್ನು ನೀವು ದಿನವೂ ಬೆಳಿಗ್ಗೆ ಚಹಾದಲ್ಲಿ ಬೆರೆಸುತ್ತೀರಿ.

1960ರ ದಶಕದ ಕೊನೆಗೆ ಯುರೋಪಿನಲ್ಲಿ ಹಾಲಿನ ಪುಡಿಯ ಗುಡ್ಡ ಬೆಳೆದಿತ್ತು. ಅಮೇರಿಕದ ಗೋಧಿಯ ಕಥೆಯೇ, ವಸ್ತು ಮಾತ್ರ ಬೇರೆ. ಅದು ಇಂದೋ ನಾಳೆಯೋ ಪುಕ್ಕಟೆಯಾಗಿ ನಮ್ಮ ಬಂದರಕ್ಕೆ ಬರುವುದು ಖಂಡಿತ ಎಂದು ಆಣಂದದ ಡಾ. ವರ್ಗೀಸ್ ಕುರಿಯನ್ ಅವರಿಗೆ ಕಂಡಿತು. ಅದು ಅಗ್ಗವಾಗಿ ಮುಂಬಯಿಯ ಬಾಟಲಿಗೆ ಸೇರಿದರೆ ಖೇಡಾ ಜಿಲ್ಲೆಯ ಹಾಲುಗಾರನು ಮುಳುಗಿದಂತೆಯೇ. ಆ ಸಂಘ 1946ರಲ್ಲಿ ಹುಟ್ಟಿದ್ದೇ ಮುಂಬಯಿಗೆ ಹೋಗುವ ಹಾಲಿಗೆ ರೈತನಿಗೆ ನ್ಯಾಯದ ಬೆಲೆ ಸಿಗಲಿ ಎಂದು. ಅವರು ಪುಡಿಯನ್ನು ಬೇಡವೆನ್ನಲಿಲ್ಲ, ಕೇಳಿ ಪಡೆದರು. ಆದರೆ ಮೂರು ಕಟ್ಟು ಮಾಡಿದರು. ಪುಡಿಯಿಂದ ಮಾಡಿದ ಹಾಲನ್ನು ಊರ ಹಾಲಿಗಿಂತ ಅಗ್ಗವಾಗಿ ಮಾರಕೂಡದು. ರೈತರ ಹಾಲು ಕಡಿಮೆಯಾಗುವ ಬೇಸಿಗೆಯಲ್ಲಿ ಹೆಚ್ಚು ಬೆರೆಸಬೇಕು. ಮಾರಿ ಬಂದ ಹಣ ಸರಕಾರದ ದಿನದ ಖರ್ಚಿಗೆ ಹೋಗದೆ ತಂಪುಗೃಹ, ರೈಲು ಟ್ಯಾಂಕರು, ದನದ ಮೇವಿನ ಕಾರಖಾನೆ, ಹಳ್ಳಿಯ ಸಹಕಾರ ಸಂಘ ಕಟ್ಟಲು ಹೋಗಬೇಕು. 1970ರಲ್ಲಿ ಶುರುವಾದ ಈ ಯೋಜನೆಯ ಮೊದಲ ಹಂತಕ್ಕೆ ಗೊತ್ತು ಮಾಡಿದ್ದು 1,26,000 ಟನ್ ಪುಡಿ, 42,000 ಟನ್ ಬೆಣ್ಣೆಯೆಣ್ಣೆ. ಮುಂಬಯಿ, ದಿಲ್ಲಿ, ಕಲಕತ್ತೆ, ಮದ್ರಾಸು ನಾಲ್ಕು ಪಟ್ಟಣಗಳು. ಪರದೇಶದ ಪುಡಿಗೆ ನಾವು ಚಟ ಹತ್ತಿಸಿಕೊಳ್ಳುತ್ತೇವೆ ಎಂದು ಟೀಕಿಸಿದವರೂ ಇದ್ದರು, ಅವರ ಅಂಜಿಕೆಗೆ ಆಧಾರವಿತ್ತು. ಆದರೆ 1998ಕ್ಕೆ ಭಾರತ ಜಗತ್ತಿನಲ್ಲೇ ಹೆಚ್ಚು ಹಾಲು ಕರೆಯುವ ದೇಶವಾಯಿತು. ನಮ್ಮ ಕರ್ನಾಟಕದಲ್ಲೂ 1974ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಇದೇ ಮಾದರಿಯ ಹೈನು ಯೋಜನೆ ಶುರುವಾಗಿ, ಅದರಿಂದಲೇ ಇಂದಿನ ಹಾಲು ಮಹಾಮಂಡಲವೂ ನಂದಿನಿಯೂ ಬೆಳೆದವು. ಗೋಧಿಯೂ ಮಿಗತೆ, ಪುಡಿಯೂ ಮಿಗತೆ. ಒಂದನ್ನು ಮಾರುವಾಗ ಪಟ್ಟಣದ ಗಿರಾಕಿಯನ್ನು ಮಾತ್ರ ನೋಡಿದರು, ಇನ್ನೊಂದನ್ನು ಮಾರುವಾಗ ಹಳ್ಳಿಯ ಉತ್ಪಾದಕನನ್ನೂ ನೋಡಿದರು. ಅದಕ್ಕಾಗಿ ಪಟ್ಟಣದ ನಾವು ಲೀಟರಿಗೆ ಒಂದಿಷ್ಟು ಹೆಚ್ಚು ಕೊಟ್ಟೆವು. ಗೊಣಗಿದೆವು, ಆದರೂ ಕೊಟ್ಟೆವು.

ಹೀಗೆ ನೋಡಿಕೊಳ್ಳದ ದೇಶಗಳ ಗತಿಗೆ ಒಂದೇ ಉದಾಹರಣೆ ಸಾಕು. ಹೈಟಿ ಎಂಬ ಸಣ್ಣ ದೇಶ ತನ್ನ ಅಕ್ಕಿಯನ್ನು ಬಹುಮಟ್ಟಿಗೆ ತಾನೇ ಬೆಳೆಯುತ್ತಿತ್ತು. ಹೊರಗಿನವರ ಒತ್ತಾಯಕ್ಕೆ 1990ರ ದಶಕದಲ್ಲಿ ಆಮದಿನ ಸುಂಕ ತೀರ ಇಳಿಸಿ, ಅಮೇರಿಕದ ಅಗ್ಗದ ಅಕ್ಕಿ ತುಂಬಿ, ಅಲ್ಲಿಯ ರೈತ ನೆಲ ಬಿಟ್ಟು ಪಟ್ಟಣದ ಗುಡಿಸಲಿಗೆ ಬಂದ. ಆ ನೀತಿ ತಪ್ಪಾಗಿತ್ತು ಎಂದು ಮಾಜಿ ಅಧ್ಯಕ್ಷ ಕ್ಲಿಂಟನ್ 2010ರಲ್ಲಿ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಇದಕ್ಕೆ ಪ್ರತಿಯಾಗಿ ದಕ್ಷಿಣ ಕೊರಿಯಾ 1950ರ ದಶಕದಲ್ಲಿ ಅಮೇರಿಕದ ನೆರವಿನ ಮೇಲೆಯೇ ಬದುಕಿತ್ತು. ನೆರವು ಇಳಿಯುವುದನ್ನು ಕಂಡು 1960ರ ದಶಕದಲ್ಲಿ ರಫ್ತಿಗೆ ತಿರುಗಿತು. ಇನ್ನು 2025ರಲ್ಲಿ ಅಮೇರಿಕ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿದಾಗ, ಆಸ್ಪತ್ರೆಯ ಔಷಧಕ್ಕೂ ಅದನ್ನೇ ನಂಬಿದ್ದ ಆಫ್ರಿಕದ ಬಡ ದೇಶಗಳ ಪಾಡನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಹಗ್ಗ ಗಿಡ್ಡ ಮಾಡುವ ಪದ್ಧತಿ ಜಾನ್ಸನ್ ಅವರೊಂದಿಗೆ ಮುಗಿಯಲಿಲ್ಲ.

ಇಂದು ನಮ್ಮ ದೇಶದ ಗಾತ್ರಕ್ಕೆ ಪರದೇಶದ ನೆರವು ಸಣ್ಣದು. 2004ರ ಸುನಾಮಿಯಲ್ಲಿ ಹೊರಗಿನ ಸಹಾಯ ಬೇಡವೆಂದೆವು. 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ನಾವೇ ಕೊಡುವವರಾದೆವು. ಆದರೂ ಈ ಊರಿನಲ್ಲಿ ಹೊರಗಿನ ಹಣ ಕಣ್ಣಿಗೆ ಕಾಣುತ್ತದೆ. 2024ರಲ್ಲಿ ತೆರೆದ ಶಿವಡಿಯಿಂದ ನಾವಾಶೇವದ ಕಡೆಗಿನ ಸಮುದ್ರ ಸೇತುವೆ, ಕೊಲಾಬಾದಿಂದ ನೆಲದೊಳಗೆ ಹೋಗುವ ಮೆಟ್ರೊ, ಎರಡಕ್ಕೂ ಜಪಾನಿನ ಸಾಲವಿದೆ. ಅಹಮದಾಬಾದಿನ ಬುಲೆಟ್ ಗಾಡಿಗಂತೂ 2017ರಲ್ಲಿ ಅಡಿಗಲ್ಲು ಹಾಕುವಾಗ ಖರ್ಚಿನ ಶೇಕಡಾ 81ರವರೆಗೆ ಜಪಾನಿನ ಸಾಲ ಎಂದು ಗೊತ್ತಾಗಿತ್ತು. ಬಡ್ಡಿ ಶೇಕಡಾ 0.1, ಅವಧಿ 50 ವರ್ಷ, ಮೊದಲ 15 ವರ್ಷ ಅಸಲು ಕಟ್ಟಬೇಕಾಗಿಲ್ಲ. ಪುಕ್ಕಟೆಯೇ ಸರಿ ಎಂದು ಪತ್ರಿಕೆಯೊಂದನ್ನು ಓದುತ್ತ ನಮ್ಮ ಸದಸ್ಯರೊಬ್ಬರು ಅಂದರು. ಮೂರು ಪ್ರಶ್ನೆ ಕೇಳಿಕೊಂಡು ಆಮೇಲೆ ಪುಕ್ಕಟೆ ಎನ್ನಬಹುದು. ಸಾಲ ರೂಪಾಯಿಯಲ್ಲೋ ಯೆನ್ನಿನಲ್ಲೋ? ಯೆನ್ನಿನಲ್ಲಿ. 1966ರ ಜೂನ್ 6ರ ಲೆಕ್ಕ ಆಗಲೇ ಹೇಳಿದ್ದೇನೆ. ಯಂತ್ರ, ತಂತ್ರ ಯಾರ ಕಡೆಯಿಂದ ಕೊಳ್ಳಬೇಕು? ಮುಖ್ಯವಾದವನ್ನು ಕೊಟ್ಟವರ ಕಡೆಯಿಂದ. ಮೂರನೆಯದು, ಆ ಗಾಡಿಯಿಂದ ದುಡಿಮೆ ಹುಟ್ಟಿ ಕಂತು ತೀರುತ್ತದೋ, ಅಥವಾ ಅದರಲ್ಲಿ ಎಂದೂ ಕೂರದವನ ತೆರಿಗೆಯಿಂದ ತೀರಬೇಕೋ? ಇದಕ್ಕೆ ಇಂದು ಉತ್ತರ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ಅಸಲಿನ ಕಂತು ಶುರುವಾಗುವ ಹೊತ್ತಿಗೆ ನಮ್ಮ ರಾತ್ರಿಶಾಲೆಯಲ್ಲಿ ಈಗ ಓದುವ ಹುಡುಗರು ತೆರಿಗೆ ಕಟ್ಟುವ ವಯಸ್ಸಿಗೆ ಬಂದಿರುತ್ತಾರೆ.

ನಿಮ್ಮಲ್ಲಿ ಯಾರಿಗಾದರೂ ಕೇಳುವುದಿದ್ದರೆ ಈಗ ಕೇಳಬಹುದು. ಮಿಲೋ ರೊಟ್ಟಿ ತಿಂದ ಹಿರಿಯರು ಇಲ್ಲಿದ್ದರೆ ಮೊದಲು ಅವರು ಮಾತಾಡಲಿ.